ಮಾರುತ್ ಕಟ್ಟಿದವರು, ಹಾರಿಸಿದವರು, ಕಣ್ಣಾರೆ ಕಂಡವರು ಯಾರಾದ್ರೂ ಇದ್ದೀರಾ?

ಶಿಡ್ಲಘಟ್ಟದವನು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಸೆಪ್ಟೆಂಬರ್ 26ಕ್ಕೆ ಚಂಡೀಗಢದಲ್ಲಿ ಮಿಗ್-21 ಯುದ್ಧವಿಮಾನಕ್ಕೆ ಬೀಳ್ಕೊಡುಗೆ ಆಯ್ತಲ್ಲ, ಅದನ್ನ ನಮ್ಮ ಅಪ್ಪ ಟಿವಿ ಮುಂದೆ ಕೂತು ಮೊದಲಿಂದ ಕೊನೆವರೆಗೂ ನೋಡಿದ್ರು. 1963ರಲ್ಲಿ ಬಂದದ್ದು 2025ರಲ್ಲಿ ಹೋಯ್ತು, 62 ವರ್ಷ. ಕೊನೇ ಸಲ ಇಳಿದ ವಿಮಾನಗಳಿಗೆ ನೀರು ಚಿಮ್ಮಿಸಿ ಗೌರವ ಕೊಟ್ರು. ಅದನ್ನ ನೋಡ್ತಾ ಅಪ್ಪ, "ನಮ್ಮದಕ್ಕೆ ಹಿಂಗೆ ನೀರು ಹಾಕಿದ್ರೋ ಇಲ್ವೋ" ಅಂದ್ರು.

ನಮ್ಮದು ಅಂದ್ರೆ ಮಾರುತ್. ಎಚ್‌ಎಫ್-24, ಬೆಂಗಳೂರಲ್ಲೇ ಕಟ್ಟಿದ ಯುದ್ಧವಿಮಾನ. ಅಪ್ಪ 1963ರಲ್ಲಿ, ಐಟಿಐ ಮುಗಿಸಿದ ಇಪ್ಪತ್ತರ ಹುಡುಗ, ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ಗೆ ಸೇರಿದ್ರು. ಮಾರುತ್‌ನ ಮೈಕಟ್ಟಿಗೆ ತಗಡು ಕೂರಿಸಿ ರಿವೆಟ್ ಹೊಡೆಯೋ ಕೆಲಸ. ನಾನು ಹುಟ್ಟಿದ್ದು ವಿಮಾನಪುರದಲ್ಲಿ. ರಿಟೈರ್ ಆದ್ಮೇಲೆ ಊರಿಗೆ ಬಂದು ಒಂದೆಕರೆ ಹಿಪ್ಪುನೇರಳೆ ಹಾಕಿಕೊಂಡು, ರೇಷ್ಮೆ ಹುಳ ಮೇಯಿಸಿಕೊಂಡು ಇದ್ದಾರೆ. ಈಗ 82.

ಅವತ್ತು ಪಕ್ಕದಲ್ಲಿ ಕೂತಿದ್ದ ನನ್ನ ಮಗ ಫೋನ್ ನೋಡಿ, "ತಾತ, ಮಾರುತ್ ಫೇಲ್ಯೂರ್ ಅಂತೆ" ಅಂದುಬಿಟ್ಟ. ಹುಡುಗನಿಗೆ ನೋಯಿಸಬೇಕು ಅಂತೇನೂ ಇರಲಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಎದ್ದು ಹುಳಕ್ಕೆ ಸೊಪ್ಪು ಹಾಕೋಕೆ ಹೋದ್ರು. ಆವಾಗಿಂದ ಆ ಮಾತೇ ಎತ್ತಿಲ್ಲ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದ ಎಷ್ಟೋ ಜನ ಎಚ್‌ಎಎಲ್‌ನಲ್ಲೂ ವಾಯುಪಡೆಯಲ್ಲೂ ಇದ್ದೋರು. ಹಳೇ ವಿಮಾನಗಳ ಬಗ್ಗೆ ನಿಮಗೆ ನೆನಪಿರೋದನ್ನ ಬರೀರಿ. ಮಾರುತ್ತೇ ಆಗಬೇಕು ಅಂತಿಲ್ಲ. ಬರೀ ಹೊಗಳಿಕೆ ಬೇಡ, ಇದ್ದದ್ದು ಇದ್ದ ಹಾಗೆ ಬರೀರಿ. ಅಪ್ಪನಿಗೆ ಕಣ್ಣು ಮಂಜು, ನಾನು ಓದಿ ಹೇಳ್ತೀನಿ.

ತಿಪಟೂರು ಇಂಜಿನಿಯರ್

ಸಾರ್, ನಿಮ್ಮ ತಂದೆಯವರ ಮೇಲೆ ಪೂರ್ತಿ ಗೌರವ ಇಟ್ಟುಕೊಂಡೇ ಬರೀತಿದ್ದೀನಿ. ಇದ್ದದ್ದು ಇದ್ದ ಹಾಗೆ ಅಂದ್ರಲ್ಲ, ಅದಕ್ಕೆ.

ಮಾರುತ್‌ನ ವಿನ್ಯಾಸ ಮಾಡಿದ್ದು ಜರ್ಮನಿಯ ಕುರ್ಟ್ ಟ್ಯಾಂಕ್, ಎರಡನೇ ಮಹಾಯುದ್ಧದಲ್ಲಿ ಫೋಕೆ-ವುಲ್ಫ್ 190 ಕೊಟ್ಟ ಮನುಷ್ಯ. ಮೊದಲ ಹಾರಾಟ 17 ಜೂನ್ 1961. ಶಬ್ದಕ್ಕಿಂತ ಎಷ್ಟೋ ಹೆಚ್ಚಿನ ವೇಗಕ್ಕೆ ಅಂತ ಲೆಕ್ಕ ಹಾಕಿದ ರೆಕ್ಕೆ ಅದು. ಆದ್ರೆ ನಂಬಿಕೊಂಡಿದ್ದ ಓರ್ಫಿಯಸ್ 12 ಇಂಜಿನ್ನಿನ ಕೆಲಸ ಇಂಗ್ಲೆಂಡಿನಲ್ಲಿ ಅರ್ಧಕ್ಕೇ ನಿಂತುಹೋಯ್ತು. ಕೊನೆಗೆ ಆಫ್ಟರ್‌ಬರ್ನರ್ (ಇಂಜಿನ್ನಿನ ಹಿಂದೆ ಇನ್ನಷ್ಟು ಎಣ್ಣೆ ಉರಿಸಿ ಹೆಚ್ಚು ಬಲ ಕೊಡೋ ಭಾಗ) ಇಲ್ಲದ ಓರ್ಫಿಯಸ್ 703 ಎರಡು ಕೂರಿಸಿದ್ರು. ಒಂದೊಂದರ ಬಲ 4,850 ಪೌಂಡ್. ನೇರ ಹಾರಾಟದಲ್ಲಿ ಶಬ್ದದ ವೇಗ ದಾಟೋಕೆ ಅದು ಸಾಲಲಿಲ್ಲ.

ನಾಲ್ಕು 30 ಮಿ.ಮೀ. ಗನ್ನುಗಳನ್ನ ಒಟ್ಟಿಗೆ ಹೊಡೆದ್ರೆ ಕಂಪನದ ತೊಂದರೆಯೂ ಇತ್ತು. ಎಲ್ಲಾ ಸೇರಿ ಆಗಿದ್ದು 147. 1990ರ ಹೊತ್ತಿಗೆ ಸೇವೆ ಮುಗೀತು. ಅದಕ್ಕಿಂತ ಹಳೇದಾದ, ಇಂಗ್ಲೆಂಡಿನ ಹಂಟರ್ ಯುದ್ಧವಿಮಾನ 1957ರಲ್ಲಿ ಬಂದು 2001ರವರೆಗೆ ಇತ್ತು. ಅಂದುಕೊಂಡಿದ್ದು ಆಗಲಿಲ್ಲ ಅನ್ನೋದು ಸುಳ್ಳಲ್ಲ ಅನ್ನಿಸುತ್ತೆ. ಕಟ್ಟಿದವರ ತಪ್ಪು ಅಂತ ಮಾತ್ರ ನಾನು ಹೇಳಲ್ಲ.

ಬಾಗೇಪಲ್ಲಿ ಏರ್‌ಮನ್

ಶಿಡ್ಲಘಟ್ಟದ ತಮ್ಮಾ, ಮೊದಲು ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಟೈಪ್ ಮಾಡೋದು ಮೊಮ್ಮಗಳು, ಹೇಳೋದು ನಾನು.

ನಾನು ಪೈಲಟ್ ಅಲ್ಲ. ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್. ತಾಂಬರಂನಲ್ಲಿ ಕಲಿತು ಮಾರುತ್ ಸ್ಕ್ವಾಡ್ರನ್ನಿಗೆ ಹೋದೆ. 1971ರ ಡಿಸೆಂಬರಿನಲ್ಲಿ ರಾಜಸ್ಥಾನದ ಉತ್ತರಲಾಯ್ ನೆಲೆಯಲ್ಲಿ ಆ ವಿಮಾನದ ಹೊಟ್ಟೆ ಕೆಳಗೆ ಮಲಗಿ ಕೆಲಸ ಮಾಡಿದವನು. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದವರು ನಮ್ಮ ನೆಲೆಗಳ ಮೇಲೆ ಬಾಂಬು ಹಾಕಿದಾಗ ಉತ್ತರಲಾಯ್‌ಗೂ ಬಿತ್ತು. ಅಲ್ಲಿಂದ ಹದಿನಾಲ್ಕು ದಿನ ನಮಗೆ ಹಗಲು ಯಾವುದು, ರಾತ್ರಿ ಯಾವುದು ಗೊತ್ತಾಗಲಿಲ್ಲ. ಮರುಭೂಮಿ ಅಂದ್ರೆ ಬರೀ ಬಿಸಿಲು ಅಂದುಕೊಂಡಿದ್ದೆ. ಡಿಸೆಂಬರ್ ರಾತ್ರಿ ಸ್ಪ್ಯಾನರ್ ಮುಟ್ಟಿದ್ರೆ ಬೆರಳು ಸೆಟೆದುಕೊಳ್ಳೋದು. ಮನೆಯಿಂದ ತಂದಿದ್ದ ಕಂಬಳಿ ಸುತ್ತಿಕೊಂಡೇ ಕೆಲಸ.

ರಾಜಸ್ಥಾನದ ಗಡಿಯ ಲೋಂಗೆವಾಲಾ ಕಾಳಗ ಅಂದ್ರೆ ಎಲ್ಲರ ಬಾಯಲ್ಲೂ ಹಂಟರ್. ನ್ಯಾಯವೇ. ಜೈಸಲ್ಮೇರ್‌ನಿಂದ ಹೋದ ಹಂಟರ್‌ಗಳು ಟ್ಯಾಂಕುಗಳನ್ನ ಮರಳಲ್ಲೇ ಹೂತವು. ಆದ್ರೆ ಅದೇ ಮರುಭೂಮಿಯಲ್ಲಿ 10ನೇ ಸ್ಕ್ವಾಡ್ರನ್, 220ನೇ ಸ್ಕ್ವಾಡ್ರನ್ ಮಾರುತ್‌ಗಳೂ ಇನ್ನೂರಕ್ಕಿಂತ ಹೆಚ್ಚು ಸಲ ಹೋಗಿಬಂದಿವೆ. ಪಾಕಿಸ್ತಾನದ ನಯಾ ಛೋರ್ ಕಡೆ ರೈಲು, ಟ್ಯಾಂಕು, ಮದ್ದುಗುಂಡಿನ ರಾಶಿ, ಇವೇ ಗುರಿ. ಡಿಸೆಂಬರ್ 7ಕ್ಕೆ ಸ್ಕ್ವಾಡ್ರನ್ ಲೀಡರ್ ಕೆ. ಕೆ. ಬಕ್ಷಿ ಮಾರುತ್‌ನಲ್ಲೇ ಪಾಕಿಸ್ತಾನದ ಒಂದು ಸೇಬರ್ ಯುದ್ಧವಿಮಾನ ಕೆಡವಿದರು. ಆ ಯುದ್ಧದಲ್ಲಿ ವೈರಿ ವಿಮಾನಕ್ಕೆ ಸಿಕ್ಕು ಒಂದು ಮಾರುತ್ತೂ ಆಕಾಶದಲ್ಲಿ ಬಿದ್ದಿಲ್ಲ. ನಾವು ಕಳಕೊಂಡದ್ದು ಕೆಳಗಿಂದ ಹೊಡೆದ ಗುಂಡಿಗೆ, ಮತ್ತೆ ನೆಲದ ಮೇಲೆ ನಿಂತಿದ್ದಾಗ.

ತಿಪಟೂರಿನವರೇ, ನೀವು ಹಂಟರ್ ಜೊತೆ ಹೋಲಿಸಿದ್ರಿ. ಹಂಟರ್‌ನ ಒಂದು ಏವನ್ ಇಂಜಿನ್ನಿನ ಬಲ ಸುಮಾರು 10,000 ಪೌಂಡ್. ಮಾರುತ್‌ನ ಎರಡೂ ಸೇರಿದ್ರೆ 9,700. ಹೆಚ್ಚು ಕಡಿಮೆ ಒಂದೇ. ಮಾರುತ್ ಮಿಗ್-21 ಆಗಲಿಲ್ಲ, ನಿಜ. ಹಂಟರ್ ಮಾಡೋ ಕೆಲಸಕ್ಕೆ ಕಳಿಸಿದ್ರು, ಆ ಕೆಲಸ ಮಾಡ್ತು. ನೆಲಕ್ಕೆ ಹತ್ತಿರ ಜೋರಾಗಿ ಹೋಗುವಾಗ ಅದು ಅಲ್ಲಾಡ್ತಿರಲಿಲ್ಲ ಅಂತ ನಮ್ಮ ಪೈಲಟ್‌ಗಳು ಹೇಳ್ತಿದ್ರು.

ಎರಡು ಇಂಜಿನ್ ಇದ್ದದ್ದರ ಬೆಲೆ ನಮಗೆ ಗೊತ್ತು. ಒಂದು ಮಧ್ಯಾಹ್ನ ಹೋದ ಜೋಡಿಯಲ್ಲಿ ಒಂದು ಬಂತು, ಇನ್ನೊಂದಿಲ್ಲ. ಯಾರೂ ಮಾತಾಡ್ತಿಲ್ಲ. ಆಮೇಲೆ ದೂರದಲ್ಲಿ ಸದ್ದು. ಸದ್ದಿನಲ್ಲೇ ತಿಳೀತು, ಒಂದೇ ಇಂಜಿನ್ ನಡೀತಿದೆ. ಇಳಿಸಿ ನಿಲ್ಲಿಸಿದ ಪೈಲಟ್ ಏಣಿ ಇಳಿದು, ಮನೆ ಎತ್ತಿನ ಬೆನ್ನು ತಟ್ಟಿದ ಹಾಗೆ ವಿಮಾನದ ಮೈ ತಟ್ಟಿದರು. ಆ ಯುದ್ಧದಲ್ಲಿ ಕಡಿಮೆ ಅಂದ್ರೂ ಮೂರು ಸಲ ಮಾರುತ್‌ಗಳು ಹೀಗೆ ಒಂದೇ ಇಂಜಿನ್ನಿನಲ್ಲಿ ಮನೆ ಸೇರಿವೆ. ಅದರಲ್ಲಿ ಒಂದು ಸುಮಾರು 240 ಕಿ.ಮೀ. ದೂರದಿಂದ.

ನಿಮ್ಮ ತಂದೆಯವರಿಗೆ ಇದನ್ನ ತಪ್ಪದೆ ಓದಿ ಹೇಳಿ. ಆ ವಿಮಾನದ ಹಿಂಭಾಗದ ತಗಡಿನಲ್ಲಿ ನನ್ನ ಮುಷ್ಟಿ ಹೋಗುವಷ್ಟು ತೂತು. ತೂತಿನ ಸುತ್ತ ತಗಡು ಹೂವಿನ ಹಾಗೆ ಬಿಚ್ಚಿಕೊಂಡಿತ್ತು. ಬಿಚ್ಚಿಕೊಂಡದ್ದು ರಿವೆಟ್ ಸಾಲಿನವರೆಗೆ ಮಾತ್ರ. ಆ ಸಾಲು ಒಂದೂ ಕಿತ್ತಿರಲಿಲ್ಲ.

ಶಿಡ್ಲಘಟ್ಟದವನು

ಅಣ್ಣಾ, ಇದನ್ನ ರಾತ್ರಿ ಊಟ ಆದ್ಮೇಲೆ ಎರಡು ಸಲ ಓದಿಸಿಕೊಂಡ್ರು. ಮೊದಲನೇ ಸಲ ಸುಮ್ಮನಿದ್ರು. ಎರಡನೇ ಸಲ ಮಧ್ಯದಲ್ಲಿ ನಿಲ್ಲಿಸಿ, "ಎಡಗಡೆನೋ ಬಲಗಡೆನೋ ಕೇಳು" ಅಂದ್ರು. ತೂತು ಯಾವ ಕಡೆ ಇತ್ತು, ನೆನಪಿದ್ರೆ ಹೇಳಿ ಅಣ್ಣ.

ಆಮೇಲೆ ಅವರೇ ಮಾತಿಗೆ ಬಂದ್ರು. ರಿವೆಟ್ ಹೊಡೆಯೋದು ಇಬ್ಬರ ಕೆಲಸ. ಹೊರಗಿಂದ ಒಬ್ಬರು ಗನ್ ಹಿಡೀಬೇಕು, ಒಳಗೆ ಒಬ್ಬರು ಡಾಲಿ ಅನ್ನೋ ಉಕ್ಕಿನ ತುಂಡು ಒತ್ತಿ ಹಿಡೀಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ತಗಡಿಗೆ ಒಂದು ತಟ್ಟಿದ್ರೆ ಹೊಡಿ ಅಂತ, ಎರಡು ತಟ್ಟಿದ್ರೆ ಸಾಕು ಅಂತ. ಅಪ್ಪ ಸಣ್ಣಗಿದ್ದ ಕಾರಣ ಅವರನ್ನೇ ಒಳಗೆ ಇಳಿಸ್ತಿದ್ರಂತೆ. ಈಗ ಕಿವಿ ಅಷ್ಟಾಗಿ ಕೇಳಲ್ಲ.

ಅಪ್ಪ ಸೇರೋಕೆ ಮುಂಚಿನದು ಒಂದಿದೆ, ಹಿರಿಯರು ಹೇಳಿದ್ದು. ಮಾರುತ್ ಲೋಹದಲ್ಲಿ ಆಗೋದಕ್ಕಿಂತ ಮೊದಲು ಅದೇ ಅಳತೆಯಲ್ಲಿ ಮರದ ಗ್ಲೈಡರ್ ಮಾಡಿದ್ರಂತೆ. 1959ರಲ್ಲಿ ಅದನ್ನ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಬೆಂಗಳೂರಿನ ಮೇಲೆ ಎಳೆದೊಯ್ದು ಬಿಟ್ಟು, ರೆಕ್ಕೆಯ ಗುಣ ನೋಡಿಕೊಂಡ್ರು. ಬಡಗಿಗಳೂ ಫೈಟರ್ ವಿಮಾನ ಮಾಡಿದ್ದಾರೆ ಅಂತ ಅಪ್ಪ ಬಲು ಅಕ್ಕರೆಯಿಂದ ಹೇಳ್ತಾರೆ.

10 ಜನವರಿ 1970 ಮಾತ್ರ ಅವರು ಬೇರೆ ದನಿಯಲ್ಲಿ ಹೇಳ್ತಾರೆ. ಮಾರುತ್‌ನ ಮೊದಲ ಹಾರಾಟ ಮಾಡಿದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವತ್ತು ಆಫ್ಟರ್‌ಬರ್ನರ್ ಹಾಕಿದ ಮಾರುತ್ ತಗೊಂಡು ಮೇಲೇಳುವಾಗ ಬಿದ್ದು ತೀರಿಕೊಂಡ್ರು. ಶಾಪ್‌ಗೆ ಸುದ್ದಿ ಬಂದ ಮೇಲೆ ಒಂದು ರಿವೆಟ್ ಗನ್ನಿನ ಸದ್ದೂ ಇರಲಿಲ್ಲವಂತೆ. ಇವತ್ತು ಬಿಎಂಟಿಸಿ ಬಸ್ಸಲ್ಲಿ ಸುರಂಜನ್ ದಾಸ್ ರಸ್ತೆ ಅಂತ ಟಿಕೆಟ್ ತಗೋತೀವಲ್ಲ, ಅವರ ಹೆಸರೇ ಅದು.

ಕೆಜಿಎಫ್ ಮಗಳು

ಮನೆಯಲ್ಲಿ ತಮಿಳು, ಸ್ಕೂಲಲ್ಲಿ ಕನ್ನಡ. ತಪ್ಪಿದ್ರೆ ತಿದ್ದಿಕೊಳ್ಳಿ.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ರು. ಎರಡನೇ ಮಹಾಯುದ್ಧದ ಹೊತ್ತಲ್ಲಿ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ ಇತ್ತು ಅಂತ ಈಗಿನ ಮಕ್ಕಳಿಗೆ ಹೇಳಿದ್ರೆ ನಂಬಲ್ಲ. ರಾತ್ರಿ ಪಾಳಿ ಮುಗಿಸಿ ಗಣಿಯ ಕತ್ತಲೆಯಿಂದ ಮೇಲೆ ಬರ್ತಿದ್ದ ತಾತನಿಗೆ ಬೆಳಗಿನ ಆಕಾಶದಲ್ಲಿ ನಾಲ್ಕು ಪಂಖದ ದೊಡ್ಡ ವಿಮಾನ ಕಾಣೋದು. ಅದರ ಸದ್ದು ಎದೆಯಲ್ಲಿ ಕೇಳ್ತಿತ್ತು ಅನ್ನೋರು. ಸಾಯೋವರೆಗೂ ಅದು ಯಾವ ವಿಮಾನ ಅಂತ ಅವರಿಗೆ ಗೊತ್ತಿರಲಿಲ್ಲ. ನಾನು ದೊಡ್ಡವಳಾದ ಮೇಲೆ ಚಿತ್ರಗಳನ್ನ ನೋಡಿ, ಅವರು ಹೇಳಿದ ಜೋಡಿ ಬಾಲವನ್ನ ಹೊಂದಿಸಿ, ಲಿಬರೇಟರ್ ಬಾಂಬರ್ ಇರಬೇಕು ಅಂದುಕೊಂಡೆ.

ಮಾರುತ್‌ಗಿಂತ ಮುಂಚೆ ಬೆಂಗಳೂರಿನ ಆ ಕಾರ್ಖಾನೆ ಮಾಡಿದ ಇನ್ನೊಂದು ಕೆಲಸಕ್ಕೂ ಲಿಬರೇಟರ್‌ಗೂ ನಂಟಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಲಿಬರೇಟರ್‌ಗಳನ್ನ ಗುಡ್ಡೆ ಹಾಕಿದ್ರು. ಇನ್ಯಾರೂ ಹಾರಿಸದ ಹಾಗೆ ಕೆಡಿಸಿಟ್ಟಿದ್ರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮಗೆ ಬಾಂಬರ್ ಬೇಕಾಯ್ತು, ಕೊಳ್ಳೋಕೆ ದುಡ್ಡಿಲ್ಲ. ಆ ಗುಡ್ಡೆಯಿಂದಲೇ ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹಾರೋಷ್ಟು ಮಾಡಿ, ಕಾರ್ಖಾನೆಯ ಪೈಲಟ್ ಜಿಮ್ಮಿ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದ್ರು. ನಲವತ್ತಕ್ಕೂ ಹೆಚ್ಚು! ಇಲ್ಲಿ ಪೂರ್ತಿ ಬಿಚ್ಚಿ ಸರಿಮಾಡಿದ್ರು. 1948ರ ನವೆಂಬರಿನಲ್ಲಿ 5ನೇ ಸ್ಕ್ವಾಡ್ರನ್ ಅದರಿಂದಲೇ ಶುರುವಾಯ್ತು. ಅವು 1968ರವರೆಗೆ ಸೇವೆಯಲ್ಲಿದ್ದವು. ಲಂಡನ್ನಿನ ವಾಯುಪಡೆ ಮ್ಯೂಸಿಯಂನಲ್ಲಿ ಇವತ್ತು ನಿಂತಿರೋ ಲಿಬರೇಟರ್ ನಮ್ಮ ವಾಯುಪಡೆ ಕೊಟ್ಟದ್ದು. ಗುಜರಿಗೆ ಹಾಕಿದ್ದನ್ನ ಅವರ ಮನೆಗೇ ಹಾರಿಸಿ ಕಳಿಸಿದವರು ನಾವು. ನನಗೆ ಅದು ಬಹಳ ಹೆಮ್ಮೆ.

ಮಾಲೂರು

ಹಳೇದಲ್ಲ, ಆದ್ರೂ ಬರೀತೀನಿ. 20 ಮೇ 2020, ಲಾಕ್‌ಡೌನ್ ದಿನಗಳು, ಮಧ್ಯಾಹ್ನ ಢಂ ಅಂತ ಸದ್ದು, ಕಿಟಕಿ ಗಾಜೆಲ್ಲ ಗಡಗಡ. ಭೂಕಂಪ ಅಂತ ನಮ್ಮ ಅಮ್ಮ ಅಂಗಳಕ್ಕೆ ಓಡಿದ್ರು. ವಾಯುಪಡೆಯ ಪರೀಕ್ಷಾ ಹಾರಾಟ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದಕ್ಕಿಂತ ಹೆಚ್ಚಿನ ವೇಗದಿಂದ ಕಡಿಮೆ ವೇಗಕ್ಕೆ ಬರುವಾಗ ಆದ ಸದ್ದು ಅಂತ ಆಮೇಲೆ ರಕ್ಷಣಾ ಇಲಾಖೆ ಹೇಳ್ತು. ಹಳೇ ಕಾಲದಲ್ಲೂ ಹೀಗೆ ಕೇಳ್ತಿತ್ತಾ?

ಗುಬ್ಬಿ ಮೇಷ್ಟ್ರು

ಮೂವತ್ತನಾಲ್ಕು ವರ್ಷ ಪಾಠ ಮಾಡಿದವನು ನಾನು. ಪ್ರತಿ ಸೆಪ್ಟೆಂಬರ್ 7ರಂದು ಮೊದಲ ಹತ್ತು ನಿಮಿಷ ಪಠ್ಯಪುಸ್ತಕ ಮುಚ್ಚಿಸಿ, ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯನವರ ವಿಷಯ ಹೇಳುತ್ತಿದ್ದೆ.

1965ರ ಆ ದಿನ ನಮ್ಮ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರು ಮೀಸಲು ಪೈಲಟ್. ಒಂದು ಜಾಗ ಖಾಲಿಯಾದದ್ದರಿಂದ ಹೊರಟರು. ಅವರ ಮಿಸ್ಟೇರ್ ಶಬ್ದದ ವೇಗದ ಒಳಗೇ ಹಾರುವ ವಿಮಾನ. ಎದುರು ಬಂದ ಎಫ್-104 ಸ್ಟಾರ್‌ಫೈಟರ್ ಶಬ್ದಕ್ಕೆ ಎರಡರಷ್ಟು ವೇಗದ್ದು. ಮಕ್ಕಳು ಕೇಳುತ್ತಿದ್ದರು: "ನಿಧಾನದ್ದು ಜೋರಿನದನ್ನು ಹೇಗೆ ಕೆಡವಿತು ಸಾರ್?" ಸ್ಟಾರ್‌ಫೈಟರ್‌ನ ರೆಕ್ಕೆ ತೀರಾ ಚಿಕ್ಕದು. ನೇರ ಓಟಕ್ಕೆ ಸರಿ, ನೆಲದ ಹತ್ತಿರ ತಿರುಗಬೇಕಾದರೆ ಅದಕ್ಕೆ ದೊಡ್ಡ ಸುತ್ತು ಬೇಕು. ಮಿಸ್ಟೇರ್ ಬೇಗ ತಿರುಗುತ್ತದೆ. ದೇವಯ್ಯನವರು ಬೆನ್ನು ಕೊಡದೆ ತಿರುಗಿ ನಿಂತರು. ಸ್ಟಾರ್‌ಫೈಟರ್ ಬಿತ್ತು, ಅದರ ಪೈಲಟ್ ಹೊರಹಾರಿ ಉಳಿದರು. ದೇವಯ್ಯನವರು ಮರಳಲಿಲ್ಲ. ಅಲ್ಲಿ ನಡೆದದ್ದನ್ನು ನಮ್ಮವರು ಯಾರೂ ಕಂಡಿರಲಿಲ್ಲ. ವಿಷಯ ಹೊರಬರಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ, ಅವರ ಪತ್ನಿಯ ಕೈಗೆ.

ಆದ್ದರಿಂದ ಬರೀ ವೇಗದ ಅಂಕಿ ಹಿಡಿದು ವಿಮಾನವನ್ನು ಅಳೆಯಬೇಡಿ ಎಂದು ತಿಪಟೂರಿನ ಗೆಳೆಯರಲ್ಲಿ ವಿನಂತಿ. ಗ್ನಾಟ್ ಯುದ್ಧವಿಮಾನ ನೋಡಿ. ಹೆಸರೇ ನುಸಿ ಎಂದು. ಉದ್ದ ಒಂಬತ್ತು ಮೀಟರೂ ಇಲ್ಲ, ನಮ್ಮ ಕೆಂಪು ಬಸ್ಸಿಗಿಂತ ಗಿಡ್ಡ. ಗನ್ ಸಿಕ್ಕಿಕೊಳ್ಳುವ ತೊಂದರೆ ಇತ್ತು, ಬಾಲದ ನಿಯಂತ್ರಣದ ತೊಂದರೆಯೂ ಇತ್ತು. ಆದರೂ ಸೇಬರ್ ಪೈಲಟ್‌ಗಳಿಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. 14 ಡಿಸೆಂಬರ್ 1971ರಂದು ಶ್ರೀನಗರದ ಮೇಲೆ ಒಬ್ಬಂಟಿಯಾಗಿ ಸೇಬರ್‌ಗಳ ಗುಂಪಿಗೆ ಎದುರಾದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸಿದ್ದು ಗ್ನಾಟ್. ವಾಯುಪಡೆಗೆ ಬಂದಿರುವ ಒಂದೇ ಪರಮವೀರ ಚಕ್ರ ಅವರದು.

ನಮ್ಮ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಆಗಿದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ನನ್ನ ಹಳೆಯ ವಿದ್ಯಾರ್ಥಿಗಳು ಅಲ್ಲಿ ಕೆಲಸಕ್ಕೆ ಸೇರಿದರೆ ಈ ಮಾತುಗಳನ್ನು ನೆನಪಿಟ್ಟಿರಲಿ ಎಂಬ ಆಸೆ ನನಗಿದೆ.

ಕ್ಯಾತ್ಸಂದ್ರ

ಎಲ್ಲರೂ ಓರ್ಫಿಯಸ್ಸನ್ನ ಬೈದು ಹೋಗ್ತಿದ್ದೀರಿ, ಅದಕ್ಕೆ ಬಂದೆ. ಮೂವತ್ತು ವರ್ಷ ಆ ಇಂಜಿನ್ ಬಿಚ್ಚಿ ಜೋಡಿಸಿದ ಕೈ ಇದು.

ಗಾಳಿ ಒತ್ತೋ ಕಂಪ್ರೆಸರ್ ಏಳು ಹಂತ, ಅದನ್ನ ತಿರುಗಿಸೋ ಟರ್ಬೈನ್ ಒಂದೇ ಹಂತ. ಅಷ್ಟು ಸರಳ. ಕಲಿಯೋಕೆ ಬಂದ ಹುಡುಗನಿಗೆ ಒಂದು ವಾರದಲ್ಲಿ ಅರ್ಥ ಮಾಡಿಸಬಹುದಿತ್ತು. ಗ್ನಾಟ್‌ಗೆ ಬಲ ಕೊಟ್ಟದ್ದು ಇದೇ ಓರ್ಫಿಯಸ್. ಗ್ನಾಟನ್ನ ನಮ್ಮವರೇ ತಿದ್ದಿ ಮಾಡಿದ ಅಜೀತ್‌ಗೂ ಇದೇ. 1996ರಿಂದ ಯಲಹಂಕದ ಏರ್ ಶೋನಲ್ಲಿ ಸೂರ್ಯಕಿರಣ್ ತಂಡ ಹಾರಿಸ್ತಿದ್ದ ಕೆಂಪು-ಬಿಳಿ ಕಿರಣ್ ಮಾರ್ಕ್ 2 ನೋಡೋಕೆ ದೇವನಹಳ್ಳಿ ರಸ್ತೆ ತುಂಬಾ ಜನ ನಿಲ್ತಿದ್ರಲ್ಲ, ಅದರೊಳಗೂ ಇದೇ ಓರ್ಫಿಯಸ್. 2011ರವರೆಗೂ ತಂಡ ಅದರಲ್ಲೇ ಹಾರ್ತು.

ಲೆಕ್ಕ ಇಷ್ಟೇ. ಗ್ನಾಟ್ ಪೂರ್ತಿ ತುಂಬಿದ್ರೆ ಸುಮಾರು 4 ಟನ್, ಎಳೆಯೋಕೆ ಒಂದು ಓರ್ಫಿಯಸ್. ಮಾರುತ್ ಬಾಂಬು, ಎಣ್ಣೆ ಎಲ್ಲಾ ಹೊತ್ತರೆ ಸುಮಾರು 11 ಟನ್, ಎಳೆಯೋಕೆ ಎರಡು. ಒಂದೊಂದರ ಪಾಲಿಗೆ ಐದೂವರೆ ಟನ್. ಕಲ್ಲು ಹೇರಿದ ಗಾಡಿಗೆ ಬಿತ್ತನೆ ಎತ್ತು ಕಟ್ಟಿದ ಹಾಗೆ. ಎತ್ತು ಕೆಟ್ಟದ್ದಲ್ಲ, ಗಾಡಿಯೂ ಕೆಟ್ಟದ್ದಲ್ಲ. ಬೇರೆ ಇಂಜಿನ್ ಹುಡುಕಿ ಒಂದು ಮಾರುತ್ತನ್ನ ಈಜಿಪ್ಟ್‌ವರೆಗೂ ಕಳಿಸಿ, ಅವರ ಇ-300 ಇಂಜಿನ್ ಕೂರಿಸಿ ಹಾರಿಸಿ ನೋಡಿದ್ದೂ ಆಯ್ತು. ಅವರ ಇಂಜಿನ್ ಕೆಲಸವೂ 1969ಕ್ಕೆ ನಿಂತಿತು.

ಮಿಕ್ಕಿದ್ದನ್ನ ಬಲ್ಲವರು ಹೇಳಲಿ.

ತಿಪಟೂರು ಇಂಜಿನಿಯರ್

ಮೇಷ್ಟ್ರೇ, ಕ್ಯಾತ್ಸಂದ್ರದ ಅಣ್ಣ, ಒಪ್ಪಿದೆ. ಫೇಲ್ಯೂರ್ ಅನ್ನೋ ಪದ ನಾನೂ ಬಳಸಲ್ಲ. ಅಂದುಕೊಂಡ ವಿಮಾನ ಆಗಲಿಲ್ಲ, ಆದ ವಿಮಾನ ಕೆಲಸ ಮಾಡ್ತು ಅಂತ ಇಟ್ಟುಕೊಳ್ಳೋಣ.

ಒಂದು ಪ್ರಶ್ನೆ. ಮಿಗ್-21ಗೆ ಹಾರುವ ಶವಪೆಟ್ಟಿಗೆ ಅನ್ನೋ ಹೆಸರು ಹೇಗೆ ಬಂತು? 1971ರಲ್ಲಿ ಅದೇ ವಿಮಾನ ಢಾಕಾದ ಗವರ್ನರ್ ಬಂಗಲೆ ಮೇಲೆ ಕರಾರುವಾಕ್ಕಾಗಿ ದಾಳಿ ಮಾಡಿತ್ತಲ್ಲ.

ಬಾಗೇಪಲ್ಲಿ ಏರ್‌ಮನ್

ಆ ಹೆಸರು ಕೇಳಿದ್ರೆ ನನಗೆ ಸಂಕಟ. ಹುಡುಗರು ಕಿರಣ್‌ನಂಥ ನಿಧಾನದ ತರಬೇತಿ ವಿಮಾನದಲ್ಲಿ ಕಲಿತು ಮಿಗ್-21 ಹತ್ತಬೇಕಿತ್ತು. ಅದು ಇಳಿಯೋ ವೇಗವೇ ಗಂಟೆಗೆ 300 ಕಿ.ಮೀ. ಮೇಲೆ. ನಡುವೆ ಒಂದು ಮೆಟ್ಟಿಲು ಬೇಕು, ಜೆಟ್ ತರಬೇತಿ ವಿಮಾನ ತನ್ನಿ ಅಂತ ಲಾ ಫೊಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಆ ತರಬೇತಿ ವಿಮಾನ, ಹಾಕ್, ಬಂದದ್ದು 2008ರಲ್ಲಿ. ಆ 26 ವರ್ಷದಲ್ಲಿ ಹೋದ ಹುಡುಗರ ಲೆಕ್ಕವನ್ನೆಲ್ಲ ವಿಮಾನದ ತಲೆಗೆ ಕಟ್ಟೋದು ಸರಿಯಲ್ಲ.

ಮಾಲೂರಿನವರಿಗೆ: ಕೇಳ್ತಿತ್ತು. ಊರ ಮೇಲೆ ಮಾಡಬಾರದು ಅಂತ ಕಟ್ಟುನಿಟ್ಟು.

ಶಿಡ್ಲಘಟ್ಟದ ತಮ್ಮಾ, ಎರಡು ದಿನ ಯೋಚನೆ ಮಾಡಿದೆ. ತೂತು ಇದ್ದದ್ದು ಬಲಗಡೆ. ನಾನು ಏಣಿಯನ್ನ ಆ ಕಡೆಗೆ ಎತ್ತಿಕೊಂಡು ಹೋದದ್ದು ಚೆನ್ನಾಗಿ ನೆನಪಿದೆ.

ಶಿಡ್ಲಘಟ್ಟದವನು

ಬಲಗಡೆ ಅಂತ ಹೇಳಿದೆ ಅಣ್ಣ. ಅಪ್ಪ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ರು. ಆಮೇಲೆ, "ಹಂಗಾದ್ರೆ ನಾನಲ್ಲ. ನಾನು ಎಡಗಡೆ ಜಿಗ್‌ನಲ್ಲಿದ್ದೆ, ತಗಡು ಹಿಡಿದಿಡೋ ಚೌಕಟ್ಟಲ್ಲಿ. ಬಲಗಡೆ ಮುಳಬಾಗಿಲಿನವನು, ಅವನ ಜೊತೆ ಗೌರಿಬಿದನೂರಿನ ಹುಡುಗ. ಇಬ್ಬರೂ ಚೆನ್ನಾಗಿ ಹೊಡೆಯೋರು" ಅಂದ್ರು. ಮುಳಬಾಗಿಲಿನವರು ತೀರಿಕೊಂಡು ಬಹಳ ವರ್ಷ ಆಯ್ತಂತೆ. ಅವರ ಮಕ್ಕಳು ಎಲ್ಲಿದ್ದಾರೋ, ಈ ಮಾತು ಅವರಿಗೆ ತಲುಪಬೇಕು ಅಂತ ಬೆಳಗ್ಗೆಯಿಂದ ಒಂದೇ ಸಮ ಹೇಳ್ತಿದ್ದಾರೆ. ಮುಳಬಾಗಿಲು ಕಡೆಯವರು, ನಿಮ್ಮ ಮನೆಯಲ್ಲಿ ಅಪ್ಪನೋ ತಾತನೋ ಅರವತ್ತರ ದಶಕದಲ್ಲಿ ಮಾರುತ್‌ನ ಬಲಗಡೆ ರಿವೆಟ್ ಹೊಡೀತಿದ್ದೆ ಅಂತ ಹೇಳಿದ್ದು ನೆನಪಿದ್ರೆ ಇಲ್ಲಿ ಒಂದು ಮಾತು ಬರೀರಿ.

ಭಾನುವಾರ ಅಪ್ಪನನ್ನ ಕರ್ಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗ್ತಿದ್ದೀನಿ. ಹೊರಗಡೆ ಮಾರುತ್ ನಿಲ್ಲಿಸಿದ್ದಾರೆ. ಮಗನೂ ಬರ್ತಾನೆ, ಅವನೇ ಕೇಳಿದ. ಹುಳ ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಮುಗಿಸಿ ಎದ್ದಿದೆ, ಸೊಪ್ಪು ಜಾಸ್ತಿ ಬೇಕು. ಬೆಳಗ್ಗೆ ಐದಕ್ಕೇ ಒಂದು ಸಲ ಹಾಕಿ, ಮೊದಲ ಬಸ್ಸು ಹಿಡಿದು ಹೋಗಿ, ಸಂಜೆ ಮೇವಿನ ಹೊತ್ತಿಗೆ ವಾಪಸ್ ಬರಬೇಕು ಅಂತ ಅಪ್ಪ ಈಗಲೇ ಲೆಕ್ಕ ಹಾಕಿದ್ದಾರೆ.